ಎಸ್ಟೀಮ್‌ನ ಮುಂದಿನ ಚಕ್ರ ನಿಂತಲ್ಲೇ ಸುತ್ತುವುದಕ್ಕೆ

ತೀರ್ಥಹಳ್ಳಿಯ ಗೆಳೆಯರೇ, ಡ್ರ್ಯಾಗ್ ರೇಸ್‌ಗೆ (ನಿಂತಲ್ಲಿಂದ ನೇರ ದಾರಿಯಲ್ಲಿ ಓಡಿಸುವ ಪಂದ್ಯ) ಇಳಿಸಿರುವ ಹಳೇ ಮಾರುತಿ ಎಸ್ಟೀಮ್ ಕಾರು ಹೊರಡುವಾಗ ಮುಂದಿನ ಚಕ್ರ ಸುಮ್ನೆ ಸುತ್ತುತ್ತದೆ, ಮುಂದಿನ ಶಾಕ್ ಅಬ್ಸಾರ್ಬರ್ ಸಡಿಲ ಮಾಡಲಾ ಅಂತ ಕೇಳಿದ್ದೀರಿ. ಬೇಡ. ವಿಡಿಯೋಗಳಲ್ಲಿ ಮೂತಿ ಎತ್ತಿಕೊಂಡು ಹಾರುವ ಅಮೆರಿಕದ ಗಾಡಿಗಳಲ್ಲಿ ಪವರ್ ಹಿಂದಿನ ಚಕ್ರಕ್ಕೆ. ನಿಮ್ಮದರಲ್ಲಿ ಮುಂದಿನದಕ್ಕೆ. ಹೊರಡುವಾಗ ಭಾರ ಹಿಂದಕ್ಕೆ ಹೋಗುತ್ತದೆ, ಎಳೆಯಬೇಕಾದ ಚಕ್ರವೇ ಹಗುರವಾಗುತ್ತದೆ ಅಲ್ವಾ?

ಹಾಗಾಗಿ ಉಲ್ಟಾ ಮಾಡಿ. ಮುಂದೆ ರಿಬೌಂಡ್ (ಶಾಕ್ ಹಿಗ್ಗುವುದು) ಗಟ್ಟಿ, ಹಿಂದೆ ಕಂಪ್ರೆಶನ್ (ಶಾಕ್ ಕುಗ್ಗುವುದು) ಗಟ್ಟಿ. ಮೂತಿ ಏಳುವುದು, ಹಿಂಭಾಗ ಕೂರುವುದು ಎರಡೂ ನಿಧಾನವಾಗುತ್ತದೆ. ಆದರೆ ಶಾಕ್ ಬದಲಿಸುವುದು ಭಾರ ಸರಿಯುವ ವೇಗವನ್ನಷ್ಟೇ. ಎಷ್ಟು ಸರಿಯುತ್ತದೆ ಅನ್ನುವುದು ಗಾಡಿಯ ಭಾರದ ಕೇಂದ್ರ ಎಷ್ಟು ಎತ್ತರದಲ್ಲಿದೆ, ವೀಲ್‌ಬೇಸ್ (ಮುಂದಿನ-ಹಿಂದಿನ ಚಕ್ರಗಳ ನಡುವಿನ ಅಂತರ) ಎಷ್ಟು, ಎಷ್ಟು ಜೋರಾಗಿ ಹೊರಡುತ್ತೀರಿ ಅನ್ನುವುದರ ಮೇಲಿದೆ. ಕಂಪನಿ ಶಾಕ್‌ನಲ್ಲಿ ಈ ಅಡ್ಜಸ್ಟ್‌ಮೆಂಟ್ ಇರುವುದಿಲ್ಲ, ಬೇರೆ ಹಾಕಿಸಬೇಕು.

ಚಕ್ರ ದಡದಡ ಕುಣಿಯುತ್ತಿದ್ದರೆ ಮೊದಲು ಲೋವರ್ ಆರ್ಮ್ ಬುಶ್ (ಚಕ್ರ ಹಿಡಿದಿಡುವ ತೋಳಿನ ರಬ್ಬರ್), ಇಂಜಿನ್ ಮೌಂಟ್ (ಇಂಜಿನ್ ಕೂರುವ ರಬ್ಬರ್) ನೋಡಿಸಿ. ನಮ್ಮ ಮಲೆನಾಡಿನ ಗುಂಡಿ ರಸ್ತೆಯಲ್ಲಿ ಅವು ಉಳಿದಿದ್ದರೆ ನಿಮ್ಮ ಪುಣ್ಯ! ಮುಂದಿನ ಟೈರ್ ಗಾಳಿಯನ್ನು 2 ಪಿಎಸ್‌ಐನಂತೆ ಇಳಿಸುತ್ತಾ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ವಾಪಸ್ ಹೊರಡುವ ಮುಂಚೆ ಗಾಳಿ ತುಂಬಿಸಿ, ಶಾಕ್ ಮೆತ್ತಗೆ ಮಾಡಿಕೊಳ್ಳಿ. ಹಿಂಭಾಗ ಅಷ್ಟು ಗಟ್ಟಿ ಇಟ್ಟುಕೊಂಡು ಮಳೆಯಲ್ಲಿ ಆಗುಂಬೆ ಘಾಟಿ ಇಳಿದರೆ ತಿರುವಿನಲ್ಲಿ ಹಿಂದಿನ ಚಕ್ರ ಜಾರಬಹುದು.