ಓದುಗರ ಪ್ರಶ್ನೆಗೆ ಉತ್ತರ: ಡ್ರ್ಯಾಗ್ ರೇಸ್ ಕಾರಿನ ಆಯಿಲ್ ಟ್ರ್ಯಾಕಿಗೆ ಬೀಳದಿರಲಿ, ಬೆಂಕಿಗೂ ಸಿಗದಿರಲಿ

ನೇರ ಟ್ರ್ಯಾಕಿನಲ್ಲಿ ನಿಂತಲ್ಲಿಂದ ವೇಗದ ಪೈಪೋಟಿ ನಡೆಸುವ ಹವ್ಯಾಸಿ ಡ್ರ್ಯಾಗ್ ರೇಸಿಂಗ್‌ನಲ್ಲಿ ಆಯಿಲ್ ಸೋರಿಕೆ ಮತ್ತು ಬೆಂಕಿಯ ಬಗ್ಗೆ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ನಿಯಮದ ಮಾತು ಬಂದಲ್ಲೆಲ್ಲ ಅಮೆರಿಕದ ಡ್ರ್ಯಾಗ್ ರೇಸಿಂಗ್ ಸಂಸ್ಥೆಯಾದ ಎನ್‌ಎಚ್‌ಆರ್‌ಎ ನಿಯಮವನ್ನೇ ಆಧಾರವಾಗಿ ಇಟ್ಟುಕೊಂಡಿದ್ದೇವೆ. ನಿಮ್ಮ ವರ್ಗಕ್ಕೆ ಯಾವುದು ಕಡ್ಡಾಯ ಎಂಬುದನ್ನು ಆಯಾ ವರ್ಷದ ನಿಯಮಪುಸ್ತಕದಲ್ಲಿ ನೋಡಿಕೊಳ್ಳಿ.

ಪ್ರಶ್ನೆ: ನನ್ನ ಕಾರು ಕಾಲು ಮೈಲಿಯನ್ನು ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುತ್ತದೆ. ಎಂಜಿನ್ ಕೆಳಗೆ ಡಯಾಪರ್ ಕಟ್ಟಬೇಕೋ, ಬೆಲ್ಲಿ ಪ್ಯಾನ್ ಸಾಕೋ?

ಎರಡರ ಕೆಲಸವೂ ಒಂದೇ: ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕನ್ನೋ ಆಯಿಲ್ ಪ್ಯಾನನ್ನೋ ತೂತು ಮಾಡಿದಾಗ ಹೊರಬೀಳುವ ಆಯಿಲ್ ಮತ್ತು ಲೋಹದ ಚೂರುಗಳನ್ನು ಹಿಡಿದಿಡುವುದು. ಡಯಾಪರ್ ಎಂದರೆ ಹಲವು ಪದರದ ಗಟ್ಟಿ ಬಟ್ಟೆಯ ಜೋಳಿಗೆ. ಆಯಿಲ್ ಪ್ಯಾನನ್ನು ಸುತ್ತಿಕೊಂಡು ಬ್ಲಾಕಿನ ಎರಡೂ ಪಕ್ಕಕ್ಕೆ ಏರುತ್ತದೆ, ಪಟ್ಟಿಗಳಿಂದ ಬಿಗಿಯುತ್ತೇವೆ. ಕೊಳ್ಳುವಾಗ ರೇಸಿಂಗ್ ಸುರಕ್ಷತಾ ಸಾಮಗ್ರಿಗೆ ಮಾನದಂಡ ನೀಡುವ ಎಸ್‌ಎಫ್‌ಐ ಸಂಸ್ಥೆಯ 7.1 ಚೀಟಿ ಇದೆಯೇ ನೋಡಿ. ಬೆಲ್ಲಿ ಪ್ಯಾನ್ ಲೋಹದ ತಟ್ಟೆ. ಅದು ಫೈರ್‌ವಾಲ್‌ನಿಂದ (ಎಂಜಿನ್ ಮತ್ತು ಚಾಲಕನ ನಡುವಿನ ಲೋಹದ ಗೋಡೆ) ಹಿಡಿದು ಕ್ರ್ಯಾಂಕ್ ಮುಂದಿನ, ಕಂಪನ ತಗ್ಗಿಸುವ ಬ್ಯಾಲೆನ್ಸರ್‌ಗಿಂತ ಮುಂದಕ್ಕೆ ಚಾಚಿರಬೇಕು, ನಾಲ್ಕೂ ಬದಿಗೆ ಕನಿಷ್ಠ 2 ಇಂಚು ಎತ್ತರದ ಅಂಚು ಇರಬೇಕು, ಒಳಗೆ ಬೆಂಕಿ ಹತ್ತದ, ಆಯಿಲ್ ಹೀರುವ ಹಾಸು ಇರಬೇಕು.

ಈ ಹಾಸಿನ ವಿಷಯದಲ್ಲೇ ಹೆಚ್ಚು ಜನ ಎಡವುತ್ತಾರೆ. ಅಂಚು ಇದೆಯಲ್ಲ, ಹಾಸು ಯಾಕೆ ಎಂದು ಕೇಳುತ್ತಾರೆ. ಒಂದು ಲೆಕ್ಕ ಹಾಕಿ ನೋಡಿ. 60 ಸೆಂ.ಮೀ. ಅಗಲ, 80 ಸೆಂ.ಮೀ. ಉದ್ದ, 5 ಸೆಂ.ಮೀ. ಅಂಚಿನ ತಟ್ಟೆ ನಿಂತಲ್ಲಿ 24 ಲೀಟರ್ ಹಿಡಿಯುತ್ತದೆ. ಎಂಜಿನ್‌ನಲ್ಲಿರುವುದು 6 ಅಥವಾ 7 ಲೀಟರ್, ಹಾಗಾಗಿ ಧಾರಾಳ ಎನಿಸುತ್ತದೆ. ಆದರೆ ಮುಕ್ತಾಯದ ಗೆರೆ ದಾಟಿ ಬ್ರೇಕ್ ಒತ್ತಿದಾಗ ಆಯಿಲ್ ಎಲ್ಲ ಮುಂದಕ್ಕೆ ನುಗ್ಗುತ್ತದೆ. ಅರ್ಧ ಜಿ (ಗುರುತ್ವ ಬಲದ ಅರ್ಧದಷ್ಟು) ಬ್ರೇಕಿಂಗ್‌ನಲ್ಲಿ ಅದೇ ತಟ್ಟೆಯ ಮುಂದಿನ ಮೂಲೆಯಲ್ಲಿ ನಿಲ್ಲುವುದು ಸುಮಾರು ಒಂದೂವರೆ ಲೀಟರ್, ಪ್ಯಾರಾಶೂಟ್ ಬಿಚ್ಚಿ 1 ಜಿ ಮುಟ್ಟಿದರೆ ಬರೀ ಮುಕ್ಕಾಲು ಲೀಟರ್. ಮಿಕ್ಕಿದ್ದು ಅಂಚು ಹಾರಿ ಮುಂಚಕ್ರದ ಮುಂದೆಯೇ ಸುರಿಯುತ್ತದೆ. ಹಾಸು ಆಯಿಲನ್ನು ಹೀರಿ ಇದ್ದಲ್ಲೇ ಹಿಡಿದರೆ ಮಾತ್ರ ಅಂಚಿಗೆ ಬೆಲೆ. ತಟ್ಟೆಗೆ ಅಡ್ಡಡ್ಡ ಎರಡು ತಡೆಪಟ್ಟಿ ಹಾಕಿಸಿದರೆ ಇನ್ನೂ ಒಳ್ಳೆಯದು.

ಗ್ಯಾರೇಜ್‌ಗಳಲ್ಲಿ ನೆಲ ಒರೆಸಲು ಇಡುವ ಬಿಳಿ ಆಯಿಲ್ ಪ್ಯಾಡ್ ಬಹುಪಾಲು ಪಾಲಿಪ್ರೊಪಿಲೀನ್. ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಮೇಲಾಗಿ ಚೆನ್ನಾಗಿ ಉರಿಯುತ್ತದೆ. ಎಂಜಿನ್‌ನಿಂದ ಹೊಗೆ ಒಯ್ಯುವ ಬಿಸಿ ಪೈಪುಗಳಾದ ಹೆಡರ್ ಪಕ್ಕದಲ್ಲಿ ಅದನ್ನು ಹಾಸುವುದು ಸೌದೆ ಒಟ್ಟಿದ ಹಾಗೆ. ಒಮ್ಮೆ ಆಯಿಲ್ ಕುಡಿದ ಹಾಸು, ಯಾವುದೇ ಜಾತಿಯದಾಗಿರಲಿ, ಮುಂದಿನ ಓಟಕ್ಕೆ ಬೇಡ. ಸಣ್ಣ ಗ್ಯಾಸ್ಕೆಟ್ ಸೋರಿಕೆಯನ್ನು ‘ಹೇಗೂ ಡಯಾಪರ್ ಇದೆ’ ಎಂದು ಬಿಟ್ಟರೆ ಅದು ದಿನದಿನವೂ ಒದ್ದೆಯಾಗಿ, ಕೊನೆಗೆ ಹೆಡರ್ ಬಿಸಿಗೆ ಹೊತ್ತಿಕೊಳ್ಳುವ ಬತ್ತಿಯಾಗುತ್ತದೆ. ಟ್ರ್ಯಾಕನ್ನು ಉಳಿಸಲು ಕಟ್ಟಿದ್ದೇ ಚಾಲಕನ ಕಾಲ ಬುಡದಲ್ಲಿ ಬೆಂಕಿಯಾಗುವುದು ಹೀಗೆ.

ಹತ್ತು ಸೆಕೆಂಡಿನ ಕಾರಿಗೆ, ಕೆಳಗೆ ಜಾಗ ಇದ್ದರೆ, ನಮ್ಮ ಮತ ಡಯಾಪರ್ ಕಡೆಗೆ. ಚೂರು ಹಾರುವುದನ್ನು ಬಟ್ಟೆ ಹತ್ತಿರದಲ್ಲೇ ತಡೆಯುತ್ತದೆ. ಕಟ್ಟುವ ಮೊದಲು ಎಂಜಿನ್ ತಳವನ್ನು ಒಣ ಲೋಹ ಕಾಣುವವರೆಗೆ ತೊಳೆಯಿರಿ, ಇಲ್ಲದಿದ್ದರೆ ಮುಂದೆ ಹೊಸ ಸೋರಿಕೆ ಯಾವುದು ಎಂದು ತಿಳಿಯುವುದಿಲ್ಲ. ನಡುವಿನಿಂದ ಶುರುಮಾಡಿ ಎರಡೂ ಬದಿಗೆ ಸಮನಾಗಿ ಎಳೆಯಿರಿ. ಪಟ್ಟಿಯ ಕೊಕ್ಕೆ ಬ್ಲಾಕಿಗೋ ಹೆಡ್‌ಗೋ ಸಿಗಬೇಕು, ಹೆಡರ್‌ಗೆ ಎಂದೂ ಬೇಡ. ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ ಲಿಂಕ್ ತಾಗುತ್ತದೆಯೇ, ಸ್ಟಾರ್ಟರ್ ವೈರ್ ಉಜ್ಜುತ್ತದೆಯೇ ನೋಡಿ. ಹದಿನೈದು ನಿಮಿಷ ಎಂಜಿನ್ ಓಡಿಸಿ ಆರಲು ಬಿಟ್ಟು ಪಟ್ಟಿ ಮತ್ತೆ ಬಿಗಿಯಿರಿ. ಬಟ್ಟೆ ಎಲ್ಲಾದರೂ ಕಂದಿದ್ದರೆ ಹೆಡರ್ ತೀರಾ ಹತ್ತಿರ ಇದೆ ಎಂದರ್ಥ.

ಆಯಿಲ್ ಫಿಲ್ಟರ್ ಎಷ್ಟೋ ಕಾರುಗಳಲ್ಲಿ ಡಯಾಪರ್ ಹೊರಗೇ ಉಳಿಯುತ್ತದೆ, ಅದನ್ನು ಕಾಯುವವರು ನೀವೇ. ಹಳೆಯ ರಬ್ಬರ್ ಸೀಲ್ ಬ್ಲಾಕಿಗೆ ಅಂಟಿಕೊಂಡಿದ್ದು ಅದರ ಮೇಲೆ ಹೊಸ ಫಿಲ್ಟರ್ ಕೂತರೆ, ಪ್ರೆಶರ್ ಏರಿದೊಡನೆ ಸೀಲ್ ಹೊರಗೆ ಚಿಮ್ಮಿ ಇಡೀ ಪ್ಯಾನ್ ಕೆಲವೇ ಸೆಕೆಂಡಿನಲ್ಲಿ ಖಾಲಿ. ಬೆರಳಿಂದ ಸವರಿ ನೋಡಿಯೇ ಹೊಸದನ್ನು ಹಾಕಿ. ಆಯಿಲ್ ಬಿಸಿಯಾಗದೆ ಆರ್‌ಪಿಎಂ ಏರಿಸಬೇಡಿ, ತಣ್ಣನೆಯ ದಪ್ಪ ಆಯಿಲ್‌ನ ಪ್ರೆಶರ್‌ಗೆ ಫಿಲ್ಟರ್ ಡಬ್ಬಿಯೇ ಉಬ್ಬಿ ಒಡೆಯಬಹುದು.

ಪ್ರಶ್ನೆ: ಪ್ರತಿ ಓಟದ ನಂತರ ವಾಲ್ವ್ ಕವರ್ ಸುತ್ತ ಆಯಿಲ್, ಹೆಡರ್‌ನಿಂದ ಹೊಗೆ. ಗ್ಯಾಸ್ಕೆಟ್ ಎರಡು ಸಲ ಬದಲಿಸಿದ್ದಾಯಿತು.

ಗ್ಯಾಸ್ಕೆಟ್ ಬಿಡಿ, ಎಂಜಿನ್ ಒಳಗಿನ ಗ್ಯಾಸ್ ಹೊರಬಿಡುವ ಬ್ರೀದರ್ ನೋಡಿ. ಪಿಸ್ಟನ್ ರಿಂಗ್ ದಾಟಿ ಇಳಿಯುವ ಗ್ಯಾಸ್ ಕ್ರ್ಯಾಂಕ್‌ಕೇಸ್‌ನಲ್ಲಿ ಪ್ರೆಶರ್ ಕಟ್ಟುತ್ತದೆ, ಬರೀ ಒತ್ತಿ ಕೂರಿಸಿದ ಬ್ರೀದರ್ ಮೇಲೆದ್ದು ಆಯಿಲ್ ಹೆಡರ್ ಮೇಲೆ ಬೀಳುತ್ತದೆ. ಎರಡೂ ವಾಲ್ವ್ ಕವರ್‌ಗೆ ಥ್ರೆಡ್ ಇರುವ ಫಿಟ್ಟಿಂಗ್ ಹಾಕಿ, 10 ಅಥವಾ 12 ನಂಬರ್ ಎಎನ್ (ಹೋಸ್ ಮತ್ತು ಫಿಟ್ಟಿಂಗ್ ಅಳತೆಯ ಒಂದು ಕ್ರಮ) ಹೋಸ್‌ನಿಂದ ಒಂದು ಮುಚ್ಚಿದ ಕ್ಯಾಚ್ ಟ್ಯಾಂಕಿಗೆ ಒಯ್ಯಿರಿ. ಟ್ಯಾಂಕ್ ಒಳಗೆ ಸ್ಟೇನ್‌ಲೆಸ್ ಜಾಲರಿ, ಮೇಲೆ ಫಿಲ್ಟರ್, ತಳದಲ್ಲಿ ಡ್ರೈನ್ ಇರಲಿ. ಹೆಡರ್‌ನ ನೇರ ಮೇಲೆ ಕೂರಿಸಬೇಡಿ. ಓಟಕ್ಕೊಮ್ಮೆ ಡ್ರೈನ್ ತೆರೆದು ಅಳೆಯಿರಿ. ಕೆಲವು ಚಮಚಕ್ಕಿಂತ ಹೆಚ್ಚು ಬರತೊಡಗಿದರೆ ಸಿಲಿಂಡರ್‌ಗಳ ಲೀಕ್‌ಡೌನ್ ಪರೀಕ್ಷೆ (ಗಾಳಿ ತುಂಬಿ ಎಷ್ಟು ಸೋರುತ್ತದೆಂದು ನೋಡುವುದು) ಮಾಡಿಸಿ.

ರೇಡಿಯೇಟರ್‌ನಿಂದ ಉಕ್ಕುವ ನೀರಿಗೆ ಬೇರೆಯದೇ ಕ್ಯಾನ್ ಬೇಕು, ಕನಿಷ್ಠ 1 ಪಿಂಟ್, ಅಂದರೆ ಸುಮಾರು 473 ಮಿ.ಲೀ. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಆದರೆ ಡಿಪ್‌ಸ್ಟಿಕ್‌ಗೆ ಲಾಕ್ ಹಾಕಿ. ಬರ್ನ್‌ಔಟ್ (ಓಟಕ್ಕೆ ಮುನ್ನ ಟೈರ್ ಬಿಸಿಯಾಗಲು ಚಕ್ರವನ್ನು ಇದ್ದಲ್ಲೇ ತಿರುಗಿಸುವುದು) ಬಿಸಿಗೆ ನೊರೆ ಎದ್ದ ಟ್ರಾನ್ಸ್‌ಮಿಷನ್ ಆಯಿಲ್ ಡಿಪ್‌ಸ್ಟಿಕ್ಕನ್ನೇ ದೂಡಿ ಎಕ್ಸಾಸ್ಟ್ ಪೈಪ್ ಮೇಲೆ ಉಗಿಯುತ್ತದೆ. ಅಂಥ ಬೆಂಕಿ ಫೈರ್‌ವಾಲ್‌ಗೆ ಅಂಟಿಕೊಂಡೇ ಏಳುತ್ತದೆ. ಅದಕ್ಕೇ ಫೈರ್‌ವಾಲ್‌ನ ಪ್ರತಿ ತೂತನ್ನೂ ಲೋಹದಿಂದ ಮುಚ್ಚಬೇಕೆಂಬ ನಿಯಮ. ಸಿಲಿಕೋನ್ ಮೆತ್ತಿದರೆ ಮುಚ್ಚಿದ ಹಾಗಲ್ಲ.

ಪ್ರಶ್ನೆ: ಬ್ಯಾಟರಿ ಡಿಕ್ಕಿಗೆ ಹಾಕಿಸಿದ್ದೇನೆ. ಕರೆಂಟ್ ಕಡಿಯುವ ಕಟ್‌ಆಫ್ ಸ್ವಿಚ್ ಡ್ಯಾಶ್‌ಬೋರ್ಡ್‌ನಲ್ಲಿದ್ದರೆ ಸಾಲದೇ?

ಸಾಲದು. ಅದು ನಿಮಗಲ್ಲ, ಓಡಿ ಬರುವ ರಕ್ಷಣಾ ಸಿಬ್ಬಂದಿಗೆ. ಕಾರಿನ ತೀರಾ ಹಿಂಭಾಗದಲ್ಲಿ ಹೊರಗಿನಿಂದ ಕೈಗೆ ಸಿಗಬೇಕು, ‘ಆಫ್’ ಎಲ್ಲಿ ಎಂದು ಬರೆದಿರಬೇಕು. ದೂಡುವ-ಎಳೆಯುವ ಬಗೆಯದಾದರೆ ದೂಡಿದಾಗಲೇ ಆಫ್ ಆಗಬೇಕು. ಎಂಜಿನ್ ಓಡುತ್ತಿರುವಾಗ ಒತ್ತಿ ನೋಡಿ, ಎಂಜಿನ್ ನಿಲ್ಲಲೇಬೇಕು. ನಿಲ್ಲದಿದ್ದರೆ ಆಲ್ಟರ್ನೇಟರ್ ಇಗ್ನಿಷನ್‌ಗೂ ಫ್ಯುಯೆಲ್ ಪಂಪ್‌ಗೂ ಕರೆಂಟ್ ಕೊಡುತ್ತಲೇ ಇದೆ, ಅದರ ಔಟ್‌ಪುಟ್ ವೈರನ್ನೂ ಸ್ವಿಚ್ಚಿನ ಮೂಲಕ ಕಡಿಯುವಂತೆ ಮಾಡಿಸಿ.

ಪ್ರಶ್ನೆ: ಬೆಂಕಿ ಆರಿಸಲು ಎಬಿಸಿ ಪೌಡರ್ ಸಿಲಿಂಡರ್ ಇಟ್ಟುಕೊಂಡರೆ ಸಾಕೇ? ಗೆಳೆಯನ ಕಾರು ಮೆಥನಾಲ್‌ನಲ್ಲಿ ಓಡುತ್ತದೆ.

ಪೌಡರ್ ಜ್ವಾಲೆಯನ್ನು ಬೇಗ ಹೊಡೆಯುತ್ತದೆ, ಲೋಹವನ್ನು ತಣ್ಣಗೆ ಮಾಡುವುದಿಲ್ಲ. ಆದ್ದರಿಂದ ಆರಿದ ಆಯಿಲ್ ಬಿಸಿ ಹೆಡರ್ ಮೇಲೆ ಮತ್ತೆ ಹೊತ್ತಿಕೊಳ್ಳಬಹುದು, ಸಿಲಿಂಡರ್ ಪೂರ್ತಿ ಖಾಲಿ ಮಾಡಬೇಡಿ. ಬಾನೆಟ್ ಅಗಲಕ್ಕೆ ತೆರೆದರೆ ಗಾಳಿ ನುಗ್ಗಿ ಬೆಂಕಿ ಏರುತ್ತದೆ. ಚಕ್ರದ ಸಂದಿನಿಂದಲೋ ಬಾನೆಟ್ಟನ್ನು ಸ್ವಲ್ಪವೇ ಎತ್ತಿಯೋ ಬುಡಕ್ಕೆ ಹೊಡೆಯಿರಿ. ಆಮೇಲೆ ಪೌಡರನ್ನು ಅದೇ ದಿನ ತೊಳೆಯಿರಿ, ಅಲ್ಯೂಮಿನಿಯಂ ಮತ್ತು ವೈರಿಂಗ್ ತಿನ್ನುತ್ತದೆ.

ಮೆಥನಾಲ್ ಬೆಂಕಿ ಹಗಲಿನಲ್ಲಿ ಬಹುಮಟ್ಟಿಗೆ ಕಾಣುವುದೇ ಇಲ್ಲ. ಗಾಳಿ ನಡುಗಿದಂತೆ ಕಂಡರೆ, ಬಣ್ಣ ಗುಳ್ಳೆ ಎದ್ದರೆ, ಬೆಂಕಿ ಇದೆ ಎಂದೇ ತಿಳಿಯಿರಿ. ಮೆಥನಾಲ್ ನೀರಿನಲ್ಲಿ ಬೆರೆಯುವುದರಿಂದ ಧಾರಾಳ ನೀರು ಕೆಲಸಕ್ಕೆ ಬರುತ್ತದೆ. ಪೆಟ್ರೋಲ್, ಆಯಿಲ್ ಬೆಂಕಿಗೆ ಮಾತ್ರ ನೀರು ಎರಚಬೇಡಿ, ಹರಡುತ್ತದೆ. ಮಾಮೂಲಿ ಫೋಮನ್ನು ಆಲ್ಕೊಹಾಲ್ ಒಡೆದುಹಾಕುತ್ತದೆ, ಆಲ್ಕೊಹಾಲ್ ತಾಳುವ ಫೋಮನ್ನೇ ಕೇಳಿ ತನ್ನಿ. ಕಾರಿನೊಳಗೆ ಕೂರಿಸುವ ಸಿಲಿಂಡರನ್ನು ಬೋಲ್ಟ್ ಹಾಕಿ ಬಿಗಿಯಿರಿ. ಹೋಸ್ ಕ್ಲ್ಯಾಂಪ್, ಪ್ಲಾಸ್ಟಿಕ್ ಟೈ ನಡೆಯುವುದಿಲ್ಲ.

ಪ್ರಶ್ನೆ: ರೇಸ್ ಸೂಟ್ ಮೇಲಿನ ಎಸ್‌ಎಫ್‌ಐ 3.2ಎ/5 ಅಂದರೇನು?

ಆ ಬಟ್ಟೆಯೊಳಗಿನ ಚರ್ಮಕ್ಕೆ ಎರಡನೇ ದರ್ಜೆಯ ಸುಟ್ಟಗಾಯ ಆಗಲು, ಪರೀಕ್ಷೆಯ ಜ್ವಾಲೆಯಲ್ಲಿ, ಸುಮಾರು 10 ಸೆಕೆಂಡ್ ಬೇಕು. 3.2ಎ/1 ಆದರೆ 3 ಸೆಕೆಂಡ್, /15 ಆದರೆ 30, /20 ಆದರೆ 40. ಕಾರು ನಿಲ್ಲಿಸಿ ಬೆಲ್ಟ್ ಬಿಚ್ಚಿ ಇಳಿಯಲು ನಿಮಗೆ ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ನೋಡಿ, ಆಮೇಲೆ ಸೂಟ್ ಆರಿಸಿ. ಒಳಗೆ ಪಾಲಿಯೆಸ್ಟರ್ ಬನಿಯನ್ ಬೇಡ, ಕರಗಿ ಮೈಗೆ ಅಂಟುತ್ತದೆ. ಆಯಿಲ್ ಮೆತ್ತಿದ ಸೂಟ್ ತಾನೇ ಉರಿಯುತ್ತದೆ.

ಪ್ರಶ್ನೆ: ಓಟದ ನಡುವೆ ಆಯಿಲ್ ಪ್ರೆಶರ್ ದೀಪ ಹತ್ತಿದರೆ?

ತಕ್ಷಣ ಆಕ್ಸಿಲರೇಟರ್ ಬಿಡಿ, ನ್ಯೂಟ್ರಲ್‌ಗೆ ತನ್ನಿ, ಇಗ್ನಿಷನ್ ಮತ್ತು ಫ್ಯುಯೆಲ್ ಪಂಪ್ ಆಫ್ ಮಾಡಿ. ಸ್ಟೀರಿಂಗ್ ಲಾಕ್ ಆಗುವಷ್ಟು ಕೀ ತಿರುಗಿಸಬೇಡಿ. ನಿಮ್ಮ ಲೇನ್‌ನ ಗೋಡೆಯ ಪಕ್ಕಕ್ಕೇ ಸರಿದು ನಿಲ್ಲಿ, ಪಕ್ಕದ ಲೇನ್ ದಾಟಬೇಡಿ. ಹಿಂಚಕ್ರದ ಕೆಳಗೆ ಆಯಿಲ್ ಇರಬಹುದು, ಬ್ರೇಕ್ ಮೆಲ್ಲಗೆ ಒತ್ತಿ. ಗೆರೆಯವರೆಗಾದರೂ ಹೋಗಲಿ ಎಂದು ಉರುಳಿಸಿದರೆ ಆಯಿಲ್ ಗೆರೆ ಅಷ್ಟೂ ದೂರ ಬೀಳುತ್ತದೆ. ಅಷ್ಟೂ ದೂರಕ್ಕೆ ಹೀರುವ ಪುಡಿ ಹರಡಿ, ತಿಕ್ಕಿ, ಗುಡಿಸಿ, ಒಣಗಿಸಿ, ಮತ್ತೆ ಹಿಡಿತದ ಅಂಟು ಸಿಂಪಡಿಸಬೇಕು. ಅಲ್ಲೊಂದು ತೇಪೆ ಉಳಿದರೂ ನಿಮ್ಮ ನಂತರ ಬರುವವರ ಕಾರು ಅದರ ಮೇಲೆ ಜಾರುತ್ತದೆ.

ಕಾರು ನಿಂತ ಮೇಲೆ ಜ್ವಾಲೆ ಇಲ್ಲದ ಬದಿಯಿಂದ ಇಳಿಯಿರಿ. ‘ಒಮ್ಮೆ ಸ್ಟಾರ್ಟ್ ಮಾಡಿ ನೋಡೋಣ’ ಎನ್ನುವವರ ಮಾತು ಕೇಳಬೇಡಿ. ಕಾರನ್ನು ಎಳೆದೊಯ್ಯುವ ಮೊದಲು ಡಯಾಪರ್ ಕೆಳಗೆ ಒಂದು ತಟ್ಟೆ ಹಿಡಿಸಿ, ಅದರಲ್ಲಿ ನಿಂತ ಆಯಿಲ್ ವಾಪಸು ದಾರಿಯುದ್ದಕ್ಕೂ ತೊಟ್ಟಿಕ್ಕದಂತೆ ನೋಡಿಕೊಳ್ಳಿ.