ಹ್ಯಾಮ್‌ಸ್ಟ್ರಿಂಗ್ ಅನ್ನೋ ಕ್ರಿಯಾಪದದ ಅರ್ಥವೇನು, ಎಲ್ಲಿಂದ ಬಂತು?

ಕ್ರಿಕೆಟ್ ಸುದ್ದಿಯಲ್ಲಿ ಬೌಲರ್‌ಗೆ ‘ಹ್ಯಾಮ್‌ಸ್ಟ್ರಿಂಗ್’ ನೋವು ಅಂತಾರೆ, ಇಂಗ್ಲಿಷ್ ಸಂಪಾದಕೀಯದಲ್ಲಿ ಸರ್ಕಾರ ‘ಹ್ಯಾಮ್‌ಸ್ಟ್ರಂಗ್’ ಆಗಿದೆ ಅಂತ ಬರೀತಾರೆ, ಎರಡೂ ಒಂದೇ ಪದವಾ ಅಂತ ಕೇಳಿದ್ದೀರಿ. ಹೌದು, ಒಂದೇ. ನನಗೆ ತುಂಬಾ ಇಷ್ಟವಾದ ಪದ ಇದು.

ಕುರ್ಚಿ ಮೇಲೆ ಕೂತು ಹಿಮ್ಮಡಿಯನ್ನು ನೆಲಕ್ಕೆ ಒತ್ತಿ, ಹಿಂದಕ್ಕೆ ಎಳೆಯುವ ಹಾಗೆ ಬಿಗಿ ಮಾಡಿ. ಈಗ ಮಂಡಿಯ ಹಿಂಭಾಗ ಮುಟ್ಟಿ ನೋಡಿ. ಎರಡೂ ಪಕ್ಕದಲ್ಲಿ ಹುರಿ ಬಿಗಿದ ಹಾಗೆ ಗಟ್ಟಿಯಾಗಿ ಕೈಗೆ ಸಿಗುತ್ತದೆ, ಅಲ್ವಾ? ತೊಡೆಯ ಹಿಂದಿನ ಸ್ನಾಯುಗಳನ್ನು ಕಾಲಿನ ಮೂಳೆಗೆ ಹಿಡಿದಿಟ್ಟಿರುವುದು ಅವೇ. ಹಳೆಯ ಇಂಗ್ಲಿಷಿನಲ್ಲಿ ‘ಹ್ಯಾಮ್’ ಅಂದರೆ ಮಂಡಿಯ ಹಿಂದಿನ ಮಡಿಕೆ. ಅಲ್ಲಿರುವ ‘ಸ್ಟ್ರಿಂಗ್’, ಅಂದರೆ ದಾರ, ಹ್ಯಾಮ್‌ಸ್ಟ್ರಿಂಗ್ ಆಯಿತು. ಹಂದಿಯ ತೊಡೆ ಮಾಂಸಕ್ಕೆ ಹ್ಯಾಮ್ ಅನ್ನುವುದು ಆಮೇಲೆ ಬಂದ ಅರ್ಥ.

16ನೇ ಶತಮಾನದಲ್ಲಿ ಇದು ಬರೀ ನಾಮಪದ. 17ನೇ ಶತಮಾನದಲ್ಲಿ ಕ್ರಿಯಾಪದವೂ ಆಯಿತು: ಆ ಹುರಿಯನ್ನು ಕತ್ತರಿಸಿ ಕುಂಟು ಮಾಡುವುದು. ಕೆಲಸ ಮಾತ್ರ ಪದಕ್ಕಿಂತ ಬಹಳ ಹಳೆಯದು. ಬೈಬಲ್ಲಿನ ಯೆಹೋಶುವನ ಪುಸ್ತಕದ 11ನೇ ಅಧ್ಯಾಯ ನೋಡಿ. ಮೇರೋಮ್ ಜಲಾಶಯದ ಹತ್ತಿರ ಹಾಚೋರಿನ ಅರಸನ ಕಡೆಯವರನ್ನು ಸೋಲಿಸಿದ ಮೇಲೆ ಇಸ್ರಾಯೇಲರ ನಾಯಕ ಯೆಹೋಶುವ ಆ ಶತ್ರುಗಳ ರಥಗಳನ್ನು ಸುಡಿಸುತ್ತಾನೆ, ಕುದುರೆಗಳ ಹಿಂಗಾಲಿನ ನರ ಕೊಯ್ಯಿಸುತ್ತಾನೆ. ಹಾಗೆ ಮಾಡಿದ ಕುದುರೆ ಜೀವ ಬಿಡುವುದಿಲ್ಲ, ಆದರೆ ಮತ್ತೆ ಯುದ್ಧಕ್ಕೆ ಓಡುವುದೂ ಇಲ್ಲ. ಓದಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. 1611ರ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ ಇಲ್ಲಿ ‘ಹಾಕ್’ ಅನ್ನೋ ಇನ್ನೊಂದು ಪದವಿದೆ. ಈಗಿನ ಹಲವು ಇಂಗ್ಲಿಷ್ ಅನುವಾದಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಅಂತಲೇ ಇದೆ.

ಇವತ್ತಿನ ಬಳಕೆಯಲ್ಲೂ ಆ ಕುದುರೆ ಇದೆ ಅಂತ ನನಗನಿಸುತ್ತದೆ. ಕೆಲಸ ನಿಂತೇಹೋಗಿದ್ದರೆ ಈ ಪದ ಹೊಂದುವುದಿಲ್ಲ. ಸಂಸ್ಥೆ ಇದೆ, ಜನ ಇದ್ದಾರೆ, ಮನಸ್ಸೂ ಇದೆ, ಆದರೆ ಮುಂದೆ ಹೋಗಲು ಬೇಕಾದ ಬಲವನ್ನೇ ಯಾರೋ ಕಿತ್ತುಕೊಂಡಿದ್ದಾರೆ. ಅಲ್ಲಿ ಹೇಳಿ: ‘ದಿ ಪ್ರಾಜೆಕ್ಟ್ ವಾಸ್ ಹ್ಯಾಮ್‌ಸ್ಟ್ರಂಗ್ ಬೈ ಲ್ಯಾಕ್ ಆಫ್ ಫಂಡ್ಸ್.’ ದುಡ್ಡಿಲ್ಲದೆ ಯೋಜನೆಯ ಕೈಕಾಲು ಕಟ್ಟಿಹಾಕಿದಂತಾಯಿತು ಅಂತ. ಜಾಸ್ತಿ ಬಳಕೆಯಾಗುವುದು ಹೀಗೆ ‘ಬೈ’ ಜೊತೆಗೇ. ಹಣದ ಕೊರತೆ, ಕಠಿಣ ನಿಯಮ, ಕೋರ್ಟ್ ಕೇಸು, ಇಂಥವೇ ಅದರ ಹಿಂದೆ ಬರುತ್ತವೆ. ಫೋನಿನಲ್ಲಿ ನೋಟಿಫಿಕೇಶನ್ ಆಫ್ ಮಾಡುವುದಕ್ಕೆಲ್ಲ ಇದು ಬೇಡ, ಅಲ್ಲಿ ‘ಡಿಸೇಬಲ್’ ಸಾಕು.

ಭೂತಕಾಲದ ರೂಪ ‘ಹ್ಯಾಮ್‌ಸ್ಟ್ರಂಗ್’. ನಾಮಪದದಿಂದ ಹುಟ್ಟಿದ ಕ್ರಿಯಾಪದವಾದ್ದರಿಂದ ನಿಯಮದ ಪ್ರಕಾರ ‘ಹ್ಯಾಮ್‌ಸ್ಟ್ರಿಂಗ್ಡ್’ ಆಗಬೇಕಿತ್ತು. ಆದರೆ ‘ಸ್ಟ್ರಿಂಗ್, ಸ್ಟ್ರಂಗ್’ ಕೇಳಿ ಅಭ್ಯಾಸವಾದ ಜನ ಇದನ್ನೂ ಹಾಗೇ ತಿರುಗಿಸಿಬಿಟ್ಟರು. ಆಟಗಾರನ ಗಾಯಕ್ಕೆ ಮಾತ್ರ ಕ್ರಿಯಾಪದ ಬಳಸಬೇಡಿ. ಅಲ್ಲಿ ‘ಹಿ ಪುಲ್ಡ್ ಎ ಹ್ಯಾಮ್‌ಸ್ಟ್ರಿಂಗ್’ ಅನ್ನುವುದೇ ಸರಿ.