ಪ್ರತಿಕ್ರಿಯೆ: ಮಳಿ ಆದ ಮ್ಯಾಲೆ ದೋಣಿ ರೇಡಿಯೊ ಮಾತು ದಡಕ್ಕ ಮುಟ್ಟವಲ್ದು

ಆಂಟೆನಾ ಬುಡದ ಕನೆಕ್ಟರ್‌ನ್ಯಾಗ ನೀರು ಹೊಕ್ಕಿರಬೇಕು. ಆಲಮಟ್ಟಿ ಹಿನ್ನೀರಿನ ಫೈಬರ್ ದೋಣಿ, ದಡದವರ ಮಾತು ನಿಮಗ ಕೇಳಸ್ತೈತಿ, ನಿಮ್ಮದು ಅವರಿಗೆ ಮುಟ್ಟೂದಿಲ್ಲ, ಅದೂ ಮಳಿ ಆದ ಮ್ಯಾಲೆ ಅಂತ ಬರದೀರಿ. ನನ್ನ ದೋಣ್ಯಾಗೂ ಇದ ಆಗಿತ್ತು. ವಿಎಚ್‌ಎಫ್ ಸೆಟ್ (ದೋಣಿ ರೇಡಿಯೊ) ಬಿಚ್ಚಬ್ಯಾಡ್ರಿ.

ಮೊದಲು ರೇಡಿಯೊದ ಬ್ಯಾಟರಿ ವೈರ್ ತಗದು ಕನೆಕ್ಟರ್ ಬಿಚ್ಚಿ ನೋಡ್ರಿ. ಹಸಿರು ಕಿಲುಬು ಇದ್ರ, ಕೇಬಲ್‌ನ ತಾಮ್ರದ ಜಾಲರಿ ಕಪ್ಪಾಗಿದ್ರ, ಒರಸಿದ್ರ ಸಾಲೂದಿಲ್ಲ. ನೀರು ಜಾಲರಿಗುಂಟ ಒಳಗ ಏರಿರತೈತಿ. ತಾಮ್ರ ಕೆಂಪಗ ಹೊಳಿಯೂ ತನಕ ಕತ್ತರಿಸಿ ಹೊಸ ಪಿಎಲ್-259 (ಕೇಬಲ್ ತುದಿಗೆ ಹಾಕೂ ಕನೆಕ್ಟರ್) ಬೆಸುಗೆ ಹಾಕ್ರಿ. ಈ ಕನೆಕ್ಟರ್ ತಾನಾಗೇ ನೀರು ತಡಿಯೂದಿಲ್ಲ. ತನಗ ತಾನ ಅಂಟಿಕೊಳ್ಳೂ ರಬ್ಬರ್ ಟೇಪನ್ನ ಜಗ್ಗಿ ಜಗ್ಗಿ ಕೆಳಗಿಂದ ಮ್ಯಾಲಕ್ಕ ಸುತ್ರಿ, ಮನಿ ಹಂಚು ಹೊಂದಿಸಿಧಂಗ, ನೀರು ಜಾರಿ ಹೋಗಬೇಕು. ಅದರ ಮ್ಯಾಲೆ ಪಿವಿಸಿ ಟೇಪ್. ಬರೇ ಪಿವಿಸಿ ಸುತ್ತಿದ್ರ ನಮ್ಮ ಬಾಗಲಕೋಟಿ ಬಿಸಲಿಗೆ ಅಂಟು ಕರಗಿ ಬಿಚ್ಚಿಕೊಳ್ತೈತಿ, ಅಲ್ಲೇ ಎಲ್ಲಾರೂ ಮೋಸ ಹೋಗೂದು. ಕೇಬಲ್ ಕ್ಯಾಬಿನ್ ಹೊಗೂ ಮುಂಚೆ ಒಂದು ಜೋಲು ಬಿಡ್ರಿ, ನೀರು ಅಲ್ಲೇ ತೊಟ್ಟಿಕ್ಕತೈತಿ.

ಮಳಿಗಿಂತ ಮೊದಲೂ ಮಾತು ಸಣ್ಣಗ ಹೋಗತಿತ್ತಂದ್ರ ಆಂಟೆನಾದ ಮ್ಯಾಲೂ ನನಗ ಸಂಶಯ. ಫೋಟೊ ನೋಡದ ಖಾತ್ರಿ ಹೇಳಲಾರೆ. ಸುಮಾರು 48 ಸೆಂ.ಮೀ. ಕ್ವಾರ್ಟರ್‌ವೇವ್ (ರೇಡಿಯೊ ತರಂಗದ ಕಾಲು ಭಾಗ ಉದ್ದದ) ಕಡ್ಡಿ ಇದ್ರ ಬುಡಕ್ಕ ಲೋಹದ ತಗಡು ಬೇಕ ಬೇಕು, ಫೈಬರ್ ಆ ಕೆಲಸ ಮಾಡೂದಿಲ್ಲ. ಹಾಫ್‌ವೇವ್ (ಅರ್ಧ ತರಂಗದ್ದು) ಇದ್ರ ತಗಡು ಬ್ಯಾಡ.

ಕಡೀಗೆ ಎಸ್‌ಡಬ್ಲ್ಯುಆರ್ ಮೀಟರ್ (ಆಂಟೆನಾ ಕಡೆಯಿಂದ ಎಷ್ಟು ಶಕ್ತಿ ವಾಪಸ್ ಬರತೈತಿ ಅಂತ ತೋರಸೂ ಮೀಟರ್) ಹಚ್ಚಿ ನೋಡ್ರಿ. 1.5ರ ಒಳಗ ಇದ್ರ ಛಲೋ. 3 ದಾಟಿದ್ರ ಮೈಕ್ ಒತ್ತಬ್ಯಾಡ್ರಿ, ಸೆಟ್ ಸುಡಬಹುದು. ಕೇಬಲ್, ಆಂಟೆನಾ ಎರಡೂ ಪರೀಕ್ಷೆ ಮಾಡಿ, ಕೆಟ್ಟದ್ದನ್ನ ಬದಲಿಸ್ರಿ.